ಕ್ರಮಸಂಖ್ಯೆ ನಾನೂರ ಹನ್ನೆರಡು

ಹಾರವಾಡ
ನವೆಂಬರ್ ೪, ಮಂಗಳವಾರ

ಹೀರಾ,

ಮತದಾರರ ಪಟ್ಟಿಯ ಪರಿಷ್ಕರಣೆ ನಡೆದಿದೆ. ನಮ್ಮ ಕೇರಿಯ ಮತಗಟ್ಟೆಯ ಪಟ್ಟಿ ನೋಡಿಕೊಳ್ಳುವ ಬಿ.ಎಲ್.ಒ. ಈಗಲೂ ನಾನೇ. ಅಂಗನವಾಡಿಯ ಬಾಗಿಲು ಹಾಕಿದ ಮೇಲೆ ದಿನಕ್ಕೆ ಇಪ್ಪತ್ತು ಮನೆ ಸುತ್ತುತ್ತೇನೆ. ಸತ್ತವರ ಹೆಸರು ತೆಗೆಯಬೇಕು, ಊರು ಬಿಟ್ಟವರದನ್ನು ಬದಲಿಸಬೇಕು, ಹದಿನೆಂಟು ತುಂಬಿದವರದನ್ನು ಸೇರಿಸಬೇಕು.

ಕ್ರಮಸಂಖ್ಯೆ ೪೧೨ ರೋಷನನದು. ಇನ್ನೂ ಪಟ್ಟಿಯಲ್ಲಿದೆ. ಅದನ್ನು ತೆಗೆಯಲು ನಮೂನೆ ೭ರ ಮೇಲೆ ಮನೆಯವರ ಸಹಿ ಬೇಕು, ಮರಣ ಪತ್ರದ ಒಂದು ಪ್ರತಿ ಬೇಕು. ನಾನು ಅವನ ಅಕ್ಕ, ನಿಜ. ಆದರೆ ಅರ್ಜಿ ಹಾಕುವವಳೂ ನಾನೇ, ಅದನ್ನು ಪರಿಶೀಲಿಸುವವಳೂ ನಾನೇ ಆಗುವುದು ಸರಿಯಲ್ಲ. ನಮೂನೆಯನ್ನು ಇದರ ಜೊತೆ ಇಟ್ಟಿದ್ದೇನೆ. ಪೆನ್ಸಿಲಿನಿಂದ ಗೆರೆ ಹಾಕಿದ ಕಡೆ ಸಹಿ ಮಾಡು.

ಕ್ರಮಸಂಖ್ಯೆ ೪೧೩ ನಿನ್ನದು. ಕಾರವಾರಕ್ಕೆ ಬದಲಿಸುವುದಾದರೆ ನಮೂನೆ ೮. ಅದನ್ನೂ ಇಟ್ಟಿದ್ದೇನೆ.

ಮೂರು ಸಲ ಫೋನ್ ಮಾಡಿದೆ. ಹಗಲು ನೀನು ಕ್ಯಾಂಟೀನಿನ ಕೆಲಸದಲ್ಲಿರುವಾಗ ನಿನ್ನ ಫೋನು ನೌಕಾನೆಲೆಯ ಗೇಟಿನಲ್ಲಿ ಇರುತ್ತದೆ. ಸಂಜೆ ಮಾಡಿದರೆ ನೀನು ಎತ್ತುವುದಿಲ್ಲ. ಆದ್ದರಿಂದ ಬೊಮ್ಮಿಯ ಕೈಯಲ್ಲಿ ಕೊಟ್ಟಿದ್ದೇನೆ. ಸೊಪ್ಪಿನ ಬುಟ್ಟಿ ಹೊತ್ತು ಅವಳು ದಿನಾ ಬೆಳಗಿನ ಬಸ್ಸಿಗೆ ಕಾರವಾರದ ಪೇಟೆಗೆ ಬರುತ್ತಾಳೆ. ಉತ್ತರವನ್ನೂ ಅವಳಿಗೇ ಕೊಡು.

ಇಂತಿ,
ಕಾಶಿ

*

ಕೋಡಿಬಾಗ, ಕಾರವಾರ
ನವೆಂಬರ್ ೯, ಭಾನುವಾರ

ಕಾಶಿ ಅಕ್ಕನವರಿಗೆ,

ನಿಮ್ಮ ಪತ್ರ ಮುಟ್ಟಿತು. ಹರಿವೆ ಸೊಪ್ಪಿನ ನೀರಿಗೆ ಒಂದು ಮೂಲೆ ನೆನೆದಿತ್ತು. ಕ್ರಮಸಂಖ್ಯೆಗಳು ಅಳಿಸಿರಲಿಲ್ಲ.

ನನ್ನ ಗಂಡ ನಿಮ್ಮ ಪಟ್ಟಿಯಲ್ಲಿ ಇನ್ನೂ ಬದುಕಿದ್ದಾನೆಂದು ಗೊತ್ತಾಯಿತು. ಅವನು ಹೋದ ದಿನ ಪೊಲೀಸರು ಬಂದು ಬರೆದುಕೊಂಡರು. ಆಸ್ಪತ್ರೆಯವರು ಬರೆದುಕೊಂಡರು. ಪಂಚಾಯತದಿಂದ ಬಂದವರು ಅವನ ಹೆಸರಿನ ದೀರ್ಘ ಸರಿಯಾಗಿದೆಯೇ ಎಂದು ನನ್ನನ್ನೇ ಕೇಳಿ ಬರೆದುಕೊಂಡರು. ಅವನ ಒಡಹುಟ್ಟಿದ ಅಕ್ಕ ಮಾತ್ರ ಮೂರು ವರ್ಷ ಬರೆದುಕೊಳ್ಳಲಿಲ್ಲ.

ಸಹಿ ಮಾಡುತ್ತೇನೆ. ಒಂದು ಷರತ್ತಿದೆ. ನಮೂನೆ ೭ ಇನ್ನೊಂದು ಕಳಿಸಿ. ೪೧೩ನ್ನೂ ತೆಗೆಯಿರಿ. ಬದಲಿಸುವುದು ಬೇಡ, ತೆಗೆಯಿರಿ. ನಾನು ಇನ್ನು ಮತವನ್ನು ಹಾರವಾಡದಲ್ಲೂ ಹಾಕುವುದಿಲ್ಲ, ಕಾರವಾರದಲ್ಲೂ ಹಾಕುವುದಿಲ್ಲ.

ಕಾರಣದ ಜಾಗದಲ್ಲಿ ಏನು ಬರೆಯಬೇಕೆಂದು ನೀವು ಕೇಳುತ್ತೀರಿ, ನನಗೆ ಗೊತ್ತು. ಇದನ್ನು ಬರೆಯಿರಿ. ಅವನು ಹೋಗಿ ನಾಲ್ಕು ತಿಂಗಳಿಗೆ ದೋಣಿ ನಿಲ್ಲಿಸುವ ಕಟ್ಟೆಗೆ, ಜಟ್ಟಿಗೆ, ಶಂಕುಸ್ಥಾಪನೆ ಎಂದು ಬೆಂಗಳೂರಿನಿಂದ ಒಬ್ಬ ಸಾಹೇಬ ಬಂದ. ಅದು ಅದೇ ಜಟ್ಟಿಗೆ ಮೂರನೆಯ ಕಲ್ಲು. ನೀವು ನನ್ನ ಕೈ ಹಿಡಿದು ವೇದಿಕೆಗೆ ಹತ್ತಿಸಿದಿರಿ. ಅವನು ನನಗೆ ಶಾಲು ಹೊದಿಸಿದ. ಮಾರ್ಚ್ ಒಳಗೆ ಜಟ್ಟಿ, ಅದಕ್ಕೆ ರೋಷನನ ಹೆಸರು ಎಂದ. ಜಟ್ಟಿ ಇದ್ದಿದ್ದರೆ ದೋಣಿ ದಡಕ್ಕೆ ತರುವಾಗ ಮಗುಚುತ್ತಿರಲಿಲ್ಲ ಎಂದು ಮೈಕಿನಲ್ಲಿ ಅತ್ತ. ನಾನು ಅದನ್ನು ನಂಬಿ ಮೇ ತಿಂಗಳ ಚುನಾವಣೆಗೆ ಅವನ ಪರವಾಗಿ ಮನೆ ಮನೆ ತಿರುಗಿ ಹೆಂಗಸರನ್ನು ಮತಗಟ್ಟೆಗೆ ಕರೆದುಕೊಂಡು ಹೋದೆ. ಆಮೇಲೆ ಗೆದ್ದವರೂ ಬರಲಿಲ್ಲ, ಸೋತವರೂ ಬರಲಿಲ್ಲ. ಕಲ್ಲುಗಳಿಗೆ ಹಗ್ಗ ಕಟ್ಟಿ ಬಲೆ ಒಣಗಿಸುತ್ತಾರೆಂದು ಬೊಮ್ಮಿ ಹೇಳಿದಳು. ಅಷ್ಟಾದರೂ ಉಪಯೋಗವಾಯಿತಲ್ಲ.

ಶಾಲು ನನ್ನ ಹತ್ತಿರವೇ ಇದೆ. ಕುಕ್ಕರ್ ಇಳಿಸಲು ಚೆನ್ನಾಗಿದೆ.

ಹೀರಾ

*

ಹಾರವಾಡ
ನವೆಂಬರ್ ೧೭, ಸೋಮವಾರ

ಹೀರಾ,

ನೀನು ನನಗೆ ‘ನೀವು’ ಎಂದು ಬರೆದಿದ್ದೀಯ. ಇಪ್ಪತ್ತೊಂದು ವರ್ಷದಲ್ಲಿ ಇದೇ ಮೊದಲು.

ಬದುಕಿರುವವರ ಹೆಸರು ತೆಗೆಯಲು ಬೇಸರ ಒಂದು ಕಾರಣವಲ್ಲ. ನಮೂನೆಯಲ್ಲಿ ಕಾರಣಗಳ ಪಟ್ಟಿ ಇದೆ: ಮರಣ, ಸ್ಥಳಾಂತರ, ಎರಡು ಕಡೆ ಹೆಸರು, ಇನ್ನೆರಡು. ನಿನ್ನ ಕಾರಣಕ್ಕೆ ಅದರಲ್ಲಿ ಚೌಕ ಇಲ್ಲ. ಬೇಸರಕ್ಕೆ ಒಂದು ಚೌಕ ಇದ್ದಿದ್ದರೆ ಈ ಕೇರಿಯ ಅರ್ಧ ಪಟ್ಟಿ ಈ ತಿಂಗಳೇ ಖಾಲಿಯಾಗುತ್ತಿತ್ತು.

ನಾನು ಏನು ಕೇಳಿಕೊಂಡು ತಿರುಗುತ್ತಿದ್ದೇನೆಂದು ನಿನಗೂ ತಿಳಿಯಲಿ. ನಾಗು ಅಜ್ಜಿ ಬಾಗಿಲಲ್ಲೇ ಹೇಳಿದಳು, “ನನ್ ಹೆಸ್ರು ತೆಗೀಬೇಡ ಕಾಶಿ. ವೋಟ್ ಹಾಕುಕಲ್ಲ. ತೆಗೆದ್ರೆ ರೇಷನ್ನೂ ಹೋಗ್ತದೆ ಅಂತಾರಲ.” ರೇಷನ್ನಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಕಾಲು ಗಂಟೆ ವಿವರಿಸಿದೆ. ಕೇಳಿಸಿಕೊಂಡು, “ಆದ್ರೂ ತೆಗೀಬೇಡ” ಎಂದಳು.

ರಿಕ್ಷಾದ ಗಣೇಶ ಇನ್ನೂ ಚೆನ್ನಾಗಿ ಹೇಳಿದ.

“ನಾವು ಇಲ್ಲಿ ಒಬ್ಬಂಗೆ ಒತ್ತುದು ಕಾಶಕ್ಕಾ, ಅಂವ ಬೆಂಗಳೂರಿಗೆ ಹೋಗಿ ಮತ್ತೊಬ್ಬನ ಗಾಡಿ ಹತ್ತುದು. ನನ್ ರಿಕ್ಷಾದಲ್ಲಿ ಹಾಂಗೆ ಮಾಡಿದ್ರೆ ಅರ್ಧ ದಾರೀಲೇ ಇಳಿಸ್ತೆ.”

“ಹಾಂಗಾದ್ರೆ ನೀ ಹಾಕುದೇ ಇಲ್ಲೆ?”

“ಹಾಕ್ತೆ. ಅಂದು ಬಾಡಿಗೆ ಇಲ್ದೇ ಇದ್ರೆ.”

ನನಗೆ ಸಿಟ್ಟು ಬಂದದ್ದು ಅವನ ಮೇಲಲ್ಲ. ಕೈಯಲ್ಲಿ ಪೆನ್ನು ಮತ್ತು ನಮೂನೆ ಇದ್ದವು. ಅವನ ಜನ್ಮದಿನಾಂಕ ಸರಿಯಿದೆಯೇ ಎಂದು ಕೇಳಿ ಮುಂದಿನ ಮನೆಗೆ ಹೋದೆ.

ಶನಿವಾರ ಮಾದೇವ ತಾಂಡೇಲ ಅಂಗನವಾಡಿಗೇ ಬಂದಿದ್ದ. ಕೇರಿಯವರೆಲ್ಲ ದಡದಲ್ಲಿ ನಿಂತು ಹಗ್ಗ ಹಿಡಿದು ಎಳೆಯುವ ರಂಪಣಿ ಬಲೆಯ ಮುಂದಾಳು ಎಂಬುದು ಒಂದು, ಪಕ್ಷದ ಬೂತ್ ಏಜೆಂಟ ಎಂಬುದು ಇನ್ನೊಂದು. ಎರಡಕ್ಕೂ ಅವನಿಗೆ ಒಂದೇ ಧ್ವನಿ. ೪೧೨ ತೆಗೆಯುವುದು ಬೇಡ ಎಂದ. “ಇರ್ಲಿ ಬಿಡೇ. ಅಂವ ಎಂತ ತೊಂದ್ರೆ ಕೊಡ್ತಾ? ಪಂಚಾಯತ ಇಲೆಕ್ಷನ್ ಬತ್ತದೆ. ನಮ್ ಕೇರಿ ಸಂಖ್ಯೆ ದೊಡ್ಡದಾಗಿ ಕಾಣ್ಲಿ.”

ಅದಕ್ಕೇ ಬೇಗ ಸಹಿ ಬೇಕು.

̶—̶ ಇಲ್ಲಿ ಒಂದು ಸಾಲು ಬರೆದು ಹೊಡೆದು ಹಾಕಿದ್ದೇನೆ. ಕ್ಷಮಿಸು. ಹೊಸ ಹಾಳೆ ಇರಲಿಲ್ಲ.

ಕಾಶಿ

*

ಕಾರವಾರ
ನವೆಂಬರ್ ೨೩

ಅಕ್ಕ,

ಅಂಗನವಾಡಿಯಲ್ಲಿ ಕುಳಿತು ಮಕ್ಕಳಿಗೆ ಒಂದು ಗೆರೆಯಿಂದ ತಪ್ಪು ಹೊಡೆಯಲು ಕಲಿಸುವವಳು ನೀನು. ಆ ಸಾಲಿಗೆ ಎಂಟು ಗೆರೆ ಎಳೆದಿದ್ದೀಯ. ಕಿಟಕಿಯ ಬೆಳಕಿಗೆ ಹಿಡಿದು ಹಿಂದಿನಿಂದ ಓದಿದೆ. ಮೂರು ಶಬ್ದ ಸಿಕ್ಕವು: ‘ಅವನ’, ‘ಎದುರು’, ‘ಗುರುತು’.

ಏನದು?

ಹೀರಾ

*

ಹಾರವಾಡ
ಡಿಸೆಂಬರ್ ೬, ಶನಿವಾರ

ಹೀರಾ,

ಎರಡು ವಾರ ತಡವಾಯಿತು. ಬೊಮ್ಮಿ ಪ್ರತಿದಿನ ಬಸ್ಸಿಗೆ ಮೊದಲು ಬಾಗಿಲಿಗೆ ಬಂದು, “ಕಾಗ್ದ ಉಂಟಾ?” ಎಂದು ಕೇಳಿ ಹೋಗುತ್ತಿದ್ದಳು. ಇಲ್ಲ ಎಂದು ಹೇಳುತ್ತಿದ್ದೆ.

ಈ ಸಲ ಮನೆ ಮನೆಯ ಪಟ್ಟಿ ತಾಳೆ ನೋಡಲು ಮಾದೇವ ತನ್ನ ಹಳೆಯ ಪ್ರತಿಯನ್ನು ಕೊಟ್ಟಿದ್ದ. ಆ ಮೇ ತಿಂಗಳ ಚುನಾವಣೆಯ ದಿನ ಏಜೆಂಟನಾಗಿ ಅವನು ಮತಗಟ್ಟೆಯ ಒಳಗೆ ಹಿಡಿದು ಕುಳಿತಿದ್ದ ಪ್ರತಿ ಅದು. ಯಾರು ಬಂದು ಹಾಕಿದರೋ ಅವರ ಹೆಸರಿನ ಎದುರು ಕೆಂಪು ಶಾಯಿಯ ಗುರುತು. ೪೧೩ರ ಎದುರು ಗುರುತಿದೆ, ಅದು ನೀನು. ೪೧೨ರ ಎದುರೂ ಇದೆ.

ಗುರುತುಗಳು ಒಂದರ ಕೆಳಗೆ ಒಂದು ಇವೆ. ನೋಡಿದವರಿಗೆ ಗಂಡ ಹೆಂಡತಿ ಒಟ್ಟಿಗೆ ಬಂದು ಹಾಕಿ ಹೋದರು ಅನ್ನಿಸುತ್ತದೆ.

ಈಗ ನನ್ನ ಪಾಲಿನದನ್ನು ಬರೆಯುತ್ತೇನೆ. ರೋಷನ ಹೋದದ್ದು ಸೆಪ್ಟೆಂಬರಿನಲ್ಲಿ. ಮುಂದಿನ ಜನವರಿಯಲ್ಲೇ ಪಟ್ಟಿಯ ಕೆಲಸ ಬಂದಿತ್ತು. ಒಂಬತ್ತು ಮಂದಿ ಸತ್ತವರಿದ್ದರು. ಎಂಟು ಹೆಸರು ತೆಗೆಸಿದೆ. ಅವನದನ್ನು ತೆಗೆಸಲಿಲ್ಲ. ನಮ್ಮ ಬಲೆಯ ಕಟ್ಟಳೆ ನಿನಗೆ ಗೊತ್ತಿದೆ, ಅದರ ಮೀನು ನಿನ್ನ ಮನೆಗೇ ಬರುತ್ತಿತ್ತು. ಕಡಲಿನಲ್ಲಿ ಹೋದವನಿಗೆ ವರ್ಷಾಂತ ಮುಗಿಯುವ ತನಕ ಬಲೆ ಎಳೆಯುವ ಹಗ್ಗದಲ್ಲಿ ಜಾಗ ಉಂಟು. ಜೊತೆಯವನೊಬ್ಬ ಅವನ ಜಾಗಕ್ಕೆ ನಿಂತು ಎಳೆಯಬೇಕು. ಎಳೆದವನಿಗೆ ಅಂದು ತನ್ನ ಪಾಲಿಲ್ಲ. ಪಾಲು ಸತ್ತವನ ಮನೆಗೆ. ಬಲೆಯ ಲೆಕ್ಕದಲ್ಲಿ ಅವನ ಹೆಸರನ್ನು ಯಾರೂ ಹೊಡೆಯುವುದಿಲ್ಲ. ನಾನು ಸರಕಾರದ ಪಟ್ಟಿಯನ್ನೂ ಅದೇ ಕೈಯಿಂದ ಹಿಡಿದೆ. ಸೆಪ್ಟೆಂಬರ್ ಬರಲಿ, ಆಮೇಲೆ ತೆಗೆದರಾಯಿತು ಎಂದುಕೊಂಡೆ. ಮೇ ತಿಂಗಳು ಸೆಪ್ಟೆಂಬರಿಗಿಂತ ಮೊದಲು ಬರುತ್ತದೆ ಎಂಬುದು ತಿಳಿಯದವಳೇನಲ್ಲ ನಾನು.

ಮತದಾನದ ವಾರ ಮನೆ ಮನೆಗೆ ಹಂಚುವ ಮತದಾರರ ಚೀಟಿಗಳು ಬಂದವು. ಅವನದೂ ಬಂತು. ಅದನ್ನು ಹರಿದು ಹಾಕಬೇಕಿತ್ತು. ಕೈ ಬರಲಿಲ್ಲ. ಬಲೆಯವರ ಚೀಟಿಗಳನ್ನೆಲ್ಲ ಕಟ್ಟಿ ಮಾದೇವನ ಕೈಗೆ ಕೊಟ್ಟಾಗ ಅದೂ ಆ ಕಟ್ಟಿನಲ್ಲಿ ಇತ್ತು. ಮುಂದಿನ ಚುನಾವಣೆಗೆ ಬಂದ ಚೀಟಿಯನ್ನು ಮಾತ್ರ ಕೊಡಲಿಲ್ಲ. ಅದು ನನ್ನ ಕಪಾಟಿನಲ್ಲಿದೆ. ಅಷ್ಟು ಹೊತ್ತಿಗೆ ನೀನು ಜಟ್ಟಿಯ ವಿಷಯಕ್ಕೆ ನನ್ನ ಜೊತೆ ಜಗಳ ಮಾಡಿಕೊಂಡು ಕಾರವಾರಕ್ಕೆ ಹೋಗಿದ್ದೆ, ಸಹಿ ಕೇಳಲು ನನಗೆ ಮುಖ ಇರಲಿಲ್ಲ.

ಆ ಮೇ ತಿಂಗಳ ದಿನ ಮತಗಟ್ಟೆಯ ಒಳಗೆ ಮೂರು ಪಕ್ಷದ ಏಜೆಂಟರು ಕುಳಿತಿದ್ದರು. ಮೂವರೂ ನಮ್ಮ ಕೇರಿಯವರೇ, ಮೂವರೂ ರೋಷನನ ಹೆಣಕ್ಕೆ ಹೆಗಲು ಕೊಟ್ಟವರೇ. ಅವನ ಹೆಸರು ಕೂಗಿದಾಗ ಒಬ್ಬನೂ ಬಾಯಿ ಬಿಡಲಿಲ್ಲ. ಬೇರೆ ಯಾವ ವಿಷಯಕ್ಕೂ ಆ ಮೂವರು ಒಂದಾದದ್ದನ್ನು ನಾನು ಕಂಡಿಲ್ಲ.

ಯಾರು ಹಾಕಿದರು ಎಂಬುದು ಪ್ರತಿಯಲ್ಲಿ ಇರುವುದಿಲ್ಲ.

ಕಾಶಿ

*

ಕಾರವಾರ
ಡಿಸೆಂಬರ್ ೮

ಪ್ರತಿಯಲ್ಲಿ ಇಲ್ಲದಿದ್ದರೆ ಕೇರಿಯಲ್ಲಿ ಇದೆ. ಯಾರೆಂದು ಕೇಳಿ ಬರೆ.

ಹೀರಾ

*

ಹಾರವಾಡ
ಡಿಸೆಂಬರ್ ೨೧, ಭಾನುವಾರ

ಹೀರಾ,

ಮೊದಲು ಮಾದೇವನ ಮನೆಗೆ ಹೋದೆ. ಪ್ರತಿಯನ್ನು ಮುಂದಿಟ್ಟು ೪೧೨ರ ಮೇಲೆ ಬೆರಳಿಟ್ಟೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದ, ತನ್ನ ಕೈಬರಹವನ್ನೇ ಗುರುತಿಸದವನ ಹಾಗೆ.

“ಇದ್ಯಾರು ಹಾಕಿದ್ದು ಮಾದೇವಣ್ಣ?”

“ಯಾರಾದ್ರೂ ಹಾಕಿರ್ತ್ರು.”

“ನೀವು ಒಳಗೇ ಕೂತಿದ್ರಲ.”

“ಕೂತಿದ್ದೆ. ಅಂದು ಸೆಕೆ ಎಷ್ಟಿತ್ತು ಅಂತೆ. ನೀನೇನು ಪೊಲೀಸ? ಅವ್ರು ಮೇಲೆ ಕೂತು ಇಡೀ ರಾಜ್ಯ ಮಾರ್ಕಂತ್ರು, ನೀನು ಒಂದು ವೋಟಿನ ಬೆನ್ನು ಹತ್ತೀಯೆ ತಂಗೀ.”

ಈ ಸಲ ಮುಂದಿನ ಮನೆಗೆ ಹೋಗಲಿಲ್ಲ. ಜಗಲಿಯ ಮೇಲೆ ಕುಳಿತೇ ಇದ್ದೆ. ಅವನ ಹೆಂಡತಿ ಚಹಾ ತಂದಳು, ಕುಡಿಯಲಿಲ್ಲ. ಕಡೆಗೆ ಅವನು ಪ್ರತಿಯ ಹಾಳೆ ಮಗುಚಿ ೩೮೮ರ ಮೇಲೆ ತನ್ನ ಬೆರಳಿಟ್ಟ. ಅದರ ಎದುರು ಗುರುತು ಇರಲಿಲ್ಲ. ೩೮೮ ನಾಗೇಶ.

ಹೌದು, ರೋಷನನ ಜೊತೆ ದೋಣಿಯಲ್ಲಿದ್ದ ನಾಗೇಶನೇ. ಅಂದು ದಡಕ್ಕೆ ಈಜಿ ಬಂದವನು. ಆ ವರ್ಷ ರೋಷನನ ಜಾಗಕ್ಕೆ ಸರದಿಯಂತೆ ಬೇರೆಯವರೂ ನಿಲ್ಲಬೇಕಾಗಿದ್ದರೂ ಮುಕ್ಕಾಲು ಪಾಲು ದಿನ ತಾನೇ ನಿಂತವನು.

ಮರುದಿನ ಬೆಳಿಗ್ಗೆ ಬಲೆ ಎಳೆದು ಮುಗಿದ ಮೇಲೆ ಅವನನ್ನು ಕಲ್ಲುಗಳ ಹತ್ತಿರ ಕರೆದೆ. ಕೇಳಿದೆ. ಅವನು ಮುಚ್ಚಿಡಲಿಲ್ಲ. ಯಾರಾದರೂ ಕೇಳಲಿ ಎಂದು ಮೂರು ವರ್ಷ ಕಾದವನ ಹಾಗೆ ಹೇಳಿದ.

“ವರ್ಷ ತುಂಬುವರೆಗೆ ಅವನ ಜಾಗದಲ್ಲಿ ಎಳೀಬೇಕು ಅಂದ್ರು. ಎಳ್ದೆ. ಮಾದೇವಣ್ಣ ಅವನ ಚೀಟಿ ನನ್ ಕೈಗೆ ಕೊಟ್ಟ. ವೋಟಿನ ದಿವ್ಸ ವರ್ಷ ತುಂಬಿತ್ತೆ ಕಾಶಕ್ಕಾ? ಇಲ್ಲ. ಮತ್ತೆ?”

“ಅದು ಹಗ್ಗ ಅಲ್ವೋ ನಾಗೇಶ.”

“ನಂಗೆ ಹಗ್ಗನೇ ಕಂಡದ್ದು.”

“ನಿಂದು ನೀನು ಯಾಕೆ ಹಾಕ್ಲಿಲ್ಲ?”

ನನ್ನನ್ನು ಮೂರ್ಖಳನ್ನು ನೋಡಿದ ಹಾಗೆ ನೋಡಿದ. “ಅವನ ಜಾಗದಲ್ಲಿ ಎಳೆದ ದಿವ್ಸ ನನ್ ಪಾಲು ತಕ್ಕಂತ್ನೆ?”

ಗುರುತಿನ ಚೀಟಿ ಎಲ್ಲಿಂದ ಬಂತು ಎಂದೂ ಕೇಳಿದೆ. ಕಡಲಿಗೆ ಹೋಗುವಾಗ ಗಸ್ತಿನವರಿಗೆ ತೋರಿಸಲು ಇಬ್ಬರ ಚೀಟಿಯನ್ನೂ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುತ್ತಿದ್ದರಂತೆ. ದೋಣಿ ಮಗುಚಿದಾಗ ಅವನ ಕೈಗೆ ಸಿಕ್ಕಿದ್ದು ಆ ಚೀಲ ಒಂದೇ. ರೋಷನನ ಕೈ ಸಿಗಲಿಲ್ಲ. ಚೀಟಿಯನ್ನು ನಿನಗೆ ಕೊಡಬೇಕೆಂದು ಎಷ್ಟೋ ಸಲ ನಿನ್ನ ಬಾಗಿಲ ತನಕ ಬಂದು ಮರಳಿ ಹೋದನಂತೆ.

ಯಾರಿಗೆ ಒತ್ತಿದೆ ಎಂದೂ ಕೇಳಿದೆ. “ಅದು ನಿಂಗೆ ಹೇಳುದಲ್ಲ. ಅತ್ಗೆಗೆ ಹೇಳ್ತೆ.”

ನಿನ್ನ ವಿಳಾಸ ಕೊಟ್ಟಿದ್ದೇನೆ. ನಿನ್ನನ್ನು ಕೇಳದೆ ಕೊಟ್ಟೆ.

ಕಾಶಿ

*

ಕಾರವಾರ
ಜನವರಿ ೧೧, ಭಾನುವಾರ

ಅಕ್ಕ,

ನಾಗೇಶ ಕಳೆದ ಭಾನುವಾರ ಬಂದಿದ್ದ. ಒಳಗೆ ಬಾ ಎಂದರೆ ಬರಲಿಲ್ಲ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮೆಟ್ಟಿಲ ಮೇಲೆ ಕುಳಿತ. ಮನೆಯೊಡತಿ ಇವನನ್ನು ಸಾಲ ವಸೂಲಿಗೆ ಬಂದವನೆಂದುಕೊಂಡಳು.

ರೋಷನನ ಗುರುತಿನ ಚೀಟಿ ಕೊಟ್ಟ. ಅಂಚು ಉಪ್ಪಿಗೆ ಬಿಳಿಯಾಗಿದೆ. ಫೋಟೊದಲ್ಲಿ ರೋಷನನಿಗೆ ಮೀಸೆ ಇನ್ನೂ ಸರಿಯಾಗಿ ಬಂದಿಲ್ಲ. ಅದು ನಾಗೇಶನನ್ನೂ ಹೋಲುತ್ತದೆ, ನಮ್ಮ ಕ್ಯಾಂಟೀನಿನ ಮ್ಯಾನೇಜರನನ್ನೂ ಹೋಲುತ್ತದೆ. ಮತಗಟ್ಟೆಯ ಅಧಿಕಾರಿ ನಂಬಿದ್ದರಲ್ಲಿ ತಪ್ಪಿಲ್ಲ.

ಅವನು ಬರುವ ಮೊದಲು ಒಂದು ವಾರ ನಾನು ಏನು ಹೇಳಬೇಕೆಂದು ಮನಸ್ಸಿನಲ್ಲೇ ಕಟ್ಟಿಕೊಂಡಿದ್ದೆ. ಸತ್ತ ನನ್ನ ಗಂಡನಿಂದ ಆ ಶಾಲಿನವನಿಗೆ ವೋಟು ಹಾಕಿಸಿದೆಯಲ್ಲ, ನಿನಗೆ ನಾಚಿಕೆಯಾಗಲಿಲ್ಲವೇ ಎಂದು. ಅದನ್ನೇ ಕೇಳಿದೆ. ಅವನು ತಲೆ ಅಲ್ಲಾಡಿಸಿದ.

“ಮಾದೇವಣ್ಣ ಅವಂಗೇ ಒತ್ತು ಅಂದಿದ್ದ. ಬೇರೆ ಎರಡು ಪಾರ್ಟಿಯವ್ರೂ ನಂಗೆ ಕಣ್ಣು ಹೊಡೆದ್ರು, ತಮ್ದೇ ಅಂತ. ನಾನು ಒಳಗೆ ಹೋಗಿ ನಿಂತೆ ಅತ್ಗೆ. ರೋಷನ ಆಗಿದ್ರೆ ಯಾರಿಗೆ ಒತ್ತಿದ್ದ ಅಂತ ಯೋಚ್ನೆ ಮಾಡ್ದೆ. ಹೊಲಿಗೆ ಮಿಶನ್ನಿಗೆ ಒತ್ತಿ ಬಂದೆ.”

ನೆನಪಿದೆಯೇ? ಹೊಲಿಗೆ ಯಂತ್ರದ ಗುರುತಿನ ಪಕ್ಷೇತರ. ಯಾರ ಮನೆಗೂ ಬರಲಿಲ್ಲ, ಒಂದು ಪೋಸ್ಟರ್ ಇರಲಿಲ್ಲ. ಪ್ರತಿ ಚುನಾವಣೆಯಲ್ಲೂ ರೋಷನನದು ಒಂದೇ ಮಾತು: “ನಮ್ ಮನೆ ಬಾಗ್ಲಿಗೆ ಬಂದು ಸುಳ್ಳು ಹೇಳ್ದೇ ಇದ್ದಂವ ಯಾರು ಅಂತ ನೋಡಿ ಒತ್ತುದು.” ಕೇರಿಯವರೆಲ್ಲ ನಗುತ್ತಿದ್ದರು. ನಮ್ಮ ಮತಗಟ್ಟೆಯಲ್ಲಿ ಆ ಯಂತ್ರಕ್ಕೆ ಮೂರು ಮತ ಬಿದ್ದಿದ್ದವು. ಎಣಿಕೆಯ ಮರುದಿನ, ಆ ಮೂವರು ತಲೆಕೆಟ್ಟವರು ಯಾರು ಎಂದು ಮಾದೇವನೇ ಮೀನಿನ ರಾಶಿಯ ಹತ್ತಿರ ನಿಂತು ಕೇಳಿದ್ದ. ಅದರಲ್ಲಿ ಒಬ್ಬ ಅವನೇ ಕಳಿಸಿದವನು.

ನನಗೆ ನಗು ಬಂತು ಅಕ್ಕ. ಮೆಟ್ಟಿಲ ಮೇಲೆ ಕುಳಿತು ನಕ್ಕೆ. ನಾಗೇಶ ಹೆದರಿದ. ಆಮೇಲೆ ಅವನೇ ಎದ್ದು ಹೋಗಿ ಕೊಡದಲ್ಲಿದ್ದ ನೀರು ತಂದುಕೊಟ್ಟ.

ಅವನು ಹೋದ ಮೇಲೆ ಸಿಟ್ಟು ಮತ್ತೆ ಬಂತು, ಆದರೆ ಹೋಗಬೇಕಾದ ಕಡೆಗೆ. ನೋಡು, ಈಗ ನೀನು ೪೧೨ನ್ನು ಸುಮ್ಮನೆ ತೆಗೆದು ಹಾಕಿದರೆ ವಿಷಯ ಮುಗಿಯುತ್ತದೆ. ನಿಜ ಹೇಳಿ ತೆಗೆದರೆ ನಾಗೇಶನ ಮೇಲೆ ಕೇಸು, ನಿನ್ನ ಕೆಲಸಕ್ಕೆ ಸಂಚಕಾರ. ಬೇರೆಯವನ ಹೆಸರಿನಲ್ಲಿ ಒಂದು ಮತ ಹಾಕಿದವನಿಗೆ ಕಾನೂನು ಇದೆ. ಒಂದೇ ಜಟ್ಟಿಗೆ ಮೂರು ಕಲ್ಲು ಹಾಕಿದವರ ಮೇಲೆ ಹಾಕಲು ನಿನ್ನ ಚೀಲದಲ್ಲಿ ಯಾವ ನಮೂನೆ ಇದೆ?

ಸುಮ್ಮನೆ ತೆಗೆ ಎಂದು ಬರೆಯಲು ಕುಳಿತವಳು ನಾನು. ಬರೆಯಲು ಆಗುತ್ತಿಲ್ಲ. ನೀನು ಏನು ಮಾಡುತ್ತೀ?

ಹೀರಾ

*

ಹಾರವಾಡ
ಜನವರಿ ೧೯, ಸೋಮವಾರ

ಹೀರಾ,

ಬರುವ ಭಾನುವಾರ, ೨೫ರಂದು, ಮತದಾರರ ದಿನ. ಪ್ರತಿ ವರ್ಷದ ಹಾಗೆ ಶಾಲೆಯ ಅಂಗಳದಲ್ಲಿ ಎಲ್ಲರನ್ನೂ ನಿಲ್ಲಿಸಿ ಪ್ರತಿಜ್ಞೆ ಬೋಧಿಸಬೇಕು. ಯಾವ ಆಮಿಷಕ್ಕೂ ಒಳಗಾಗದೆ, ನಿರ್ಭೀತಿಯಿಂದ, ಅದೆಲ್ಲ. ಬಲಗೈ ಮುಂದೆ ಚಾಚಿ ಮೊದಲು ನಾನು ಹೇಳಬೇಕು, ಅವರು ನನ್ನ ಹಿಂದೆ ಹೇಳಬೇಕು. ಮಾದೇವ ಮೊದಲ ಸಾಲಿನಲ್ಲಿ ನಿಂತು ಎಲ್ಲರಿಗಿಂತ ಗಟ್ಟಿಯಾಗಿ ಹೇಳುತ್ತಾನೆ. ಈ ವರ್ಷ ಅದು ನನ್ನಿಂದ ಆಗುವ ಹಾಗಿಲ್ಲ, ಈ ಕೆಲಸ ಮೊದಲು ಮುಗಿಯದೆ. ಆದರೆ ಕಚೇರಿ ಅದಕ್ಕಿಂತ ಮೊದಲು ಸಿಗುವುದಿಲ್ಲ. ಈ ವಾರವೆಲ್ಲ ಅಲ್ಲಿ ಸಭೆಗಳಿವೆ. ಪ್ರತಿಜ್ಞೆಯ ಹಾಳೆಯನ್ನು ಮುಖ್ಯೋಪಾಧ್ಯಾಯರಿಗೆ ಕೊಟ್ಟು, ಗಂಟಲು ಸರಿ ಇಲ್ಲ ಎಂದಿದ್ದೇನೆ. ಈ ವಿಷಯದಲ್ಲಿ ನಾನು ಹೇಳುವ ಕೊನೆಯ ಸುಳ್ಳು ಅದಾಗಲಿ.

ಅಂಕೋಲೆಯ ತಹಶೀಲ್ದಾರರಿಗೆ ಒಂದು ಪುಟ ಬರೆದಿದ್ದೇನೆ. ಕ್ರಮಸಂಖ್ಯೆ ೪೧೨ ಮರಣ ಹೊಂದಿದ್ದು ತಿಳಿದೂ ಹೆಸರು ತೆಗೆಸಲಿಲ್ಲ. ಮತದಾರರ ಚೀಟಿಯನ್ನು ಹರಿಯದೆ ಏಜೆಂಟರ ಕೈಗೆ ಕೊಟ್ಟೆ. ಆ ಹೆಸರಿನಲ್ಲಿ ಮತ ಚಲಾವಣೆಯಾಗಿದೆ. ಮೂರು ವಾಕ್ಯ, ಕೆಳಗೆ ನನ್ನ ಹೆಸರು. ನಾಗೇಶನ ಹೆಸರು ಬರೆದಿರಲಿಲ್ಲ.

ಅವನು ಬಂದು ಓದಿದ. “ಯಾರು ಹಾಕಿದ್ದು ಅಂತ ಇಲ್ವಲ್ಲ” ಎಂದ. ಕೇಳಿದರೆ ನೋಡೋಣ ಎಂದೆ. “ಕೇಳುಕೆ ಅವ್ರಿಗೆ ಎಲ್ಲಿ ಪುರಸೊತ್ತು? ನಾನೇ ಬತ್ತೆ. ನಿಂತ್ಕಂಡು ಹೇಳ್ತೆ.” ಬರಬೇಡ ಎಂದರೆ ಅವನು ಕೇಳುವವನಲ್ಲ.

ಮಾದೇವ ಎರಡು ಸಲ ಬಂದು ಹೋದ. ಮೊದಲ ಸಲ ಬೈದ. ಎರಡನೆಯ ಸಲ ಜಗಲಿಯ ಮೇಲೆ ಕುಳಿತ. ಹೋಗುವಾಗ, “ನನ್ ಹೆಸ್ರು ಬರ್ದಿದ್ಯೆ?” ಎಂದು ಕೇಳಿದ. ‘ಏಜೆಂಟರು’ ಎಂದು ಬರೆದಿದ್ದೇನೆ ಎಂದೆ. “ಅಂದ್ರೆ ನಾನೇ ಅಲ” ಎಂದ. ಹೌದು ಎಂದೆ.

ನೀನು ಕೇಳಿದ ನಮೂನೆ ನನ್ನ ಚೀಲದಲ್ಲಿ ಇಲ್ಲ. ಎರಡು ದಿನ ಹುಡುಕಿದೆ, ನಿಜವಾಗಿಯೂ. ಇಲ್ಲ.

೨೬ ಸೋಮವಾರ ರಜೆ. ೨೭ ಮಂಗಳವಾರ ಹತ್ತೂವರೆಗೆ ಕಚೇರಿಗೆ ಹೋಗುತ್ತೇವೆ. ನಿನ್ನ ಸಹಿ ಅಷ್ಟರೊಳಗೆ ಬಂದರೆ ಒಳ್ಳೆಯದು. ಬಾರದಿದ್ದರೂ ಹೋಗುತ್ತೇವೆ.

ನಿನ್ನ ಅಕ್ಕ,
ಕಾಶಿ

*

ಕೋಡಿಬಾಗ, ಕಾರವಾರ
ಜನವರಿ ೨೩, ಶುಕ್ರವಾರ

ಅಕ್ಕ,

ಮಂಗಳವಾರ ರಜೆ ಹಾಕಿದ್ದೇನೆ. ಎಂಟೂ ಕಾಲರ ಬಸ್ಸಿಗೆ ಹೊರಟು ಅಂಕೋಲೆಯ ಬಸ್ ನಿಲ್ದಾಣದಲ್ಲಿ ಇಳಿಯುತ್ತೇನೆ. ನೀವಿಬ್ಬರೂ ಅಲ್ಲೇ ಇರಿ. ಮೂವರೂ ಒಟ್ಟಿಗೆ ಹೋಗುವುದು. ಆ ಇಸ್ತ್ರಿ ಅಂಗಿ ಹಾಕಿಕೊಂಡು ಬರಬೇಡ ಎಂದು ನಾಗೇಶನಿಗೆ ಹೇಳು. ಅದರಲ್ಲಿ ಅವನು ಮಾಡದ ತಪ್ಪನ್ನೂ ಮಾಡಿದವನ ಹಾಗೆ ಕಾಣುತ್ತಾನೆ.

ನಮೂನೆ ಇಲ್ಲದಿದ್ದರೆ ಬಿಳಿ ಹಾಳೆ ಇದೆ. ನಾನೂ ಒಂದು ಪುಟ ಬರೆದಿದ್ದೇನೆ. ನಿನ್ನೆ ಕ್ಯಾಂಟೀನಿನಿಂದ ಬಂದವಳು ಬಸ್ಸು ಹತ್ತಿ ಹಾರವಾಡಕ್ಕೆ ಬಂದಿದ್ದೆ. ನಿನ್ನ ಮನೆಗೆ ಬರಲಿಲ್ಲ, ಸಿಟ್ಟಾಗಬೇಡ. ಬೆಳಕು ಇರುವಾಗಲೇ ದಡಕ್ಕೆ ಹೋಗಿ ಬಲೆ ಸರಿಸಿ ಮೂರು ಕಲ್ಲುಗಳ ಮೇಲಿದ್ದದ್ದನ್ನು ಅಕ್ಷರ ಬಿಡದೆ ಬರೆದುಕೊಂಡೆ. ಯಾವ ದಿನಾಂಕ, ಯಾರ ಅಮೃತಹಸ್ತ, ಯಾರ ಘನ ಉಪಸ್ಥಿತಿ. ಮೊದಲನೆಯದರಲ್ಲಿ ಇಸವಿ ಉಪ್ಪು ತಿಂದು ಹೋಗಿದೆ. ಅದನ್ನು ‘ಓದಲು ಬರುವುದಿಲ್ಲ’ ಎಂದೇ ಬರೆದಿದ್ದೇನೆ. ಕೊನೆಯಲ್ಲಿ ಒಂದು ಪ್ರಶ್ನೆ: ಜಟ್ಟಿ ಎಲ್ಲಿ? ಈ ಪುಟ ನಿನ್ನ ಪುಟದ ಹಿಂದೆ ಪಿನ್ನು ಹಾಕಿ ಕೊಡಬೇಕು. ಒಂದೇ ಆವಕ ಸಂಖ್ಯೆ ಬೀಳಬೇಕು. ನಾವು ಮಾಡಿದ್ದನ್ನು ಬರೆದುಕೊಳ್ಳುವವರು ಅವರು ಮಾಡದ್ದನ್ನೂ ಅದೇ ಪುಸ್ತಕದಲ್ಲಿ ಬರೆದುಕೊಳ್ಳಲಿ. ಬೇರೆ ಬೇರೆ ತೆಗೆದುಕೊಳ್ಳುತ್ತೇವೆ ಎಂದರೆ ಅಲ್ಲೇ ಕೂರುತ್ತೇನೆ. ಕೂರುವುದು ಹೇಗೆಂದು ನೀನು ಮಾದೇವನ ಜಗಲಿಯಲ್ಲಿ ಕುಳಿತದ್ದನ್ನು ಓದಿ ಕಲಿತಿದ್ದೇನೆ.

ಅದರಿಂದ ಜಟ್ಟಿ ಬರುತ್ತದೆ ಎಂದು ನಾನು ತಿಳಿದಿಲ್ಲ.

೪೧೩ ಹಾಗೇ ಇರಲಿ. ತೆಗೆಯಬೇಡ, ಬದಲಿಸಲೂ ಬೇಡ. ಮತ ಹಾಕುತ್ತೇನೆ ಎಂದು ನಾನು ಹೇಳಿಲ್ಲ, ಅದನ್ನು ನೀನು ನಿನ್ನ ಪುಸ್ತಕದಲ್ಲಿ ಬರೆದುಕೊಳ್ಳಬೇಡ. ಹಗ್ಗದಲ್ಲಿ ನನ್ನ ಜಾಗ ಖಾಲಿ ಬಿದ್ದರೆ ಅದಕ್ಕೆ ಯಾರು ನಿಲ್ಲುತ್ತಾರೋ ಗೊತ್ತಿಲ್ಲ. ಎಲ್ಲರೂ ನಾಗೇಶನಲ್ಲ.

ರೋಷನನ ಗುರುತಿನ ಚೀಟಿ ಮರಳಿಸಬೇಕು ಎಂದರೆ ಜೆರಾಕ್ಸ್ ಕೊಡುತ್ತೇನೆ. ಮೂಲ ಕೊಡುವುದಿಲ್ಲ.

ನಮೂನೆ ೭ ನನ್ನ ಹತ್ತಿರ ಮೇಜಿನ ಮೇಲಿದೆ. ಹೆಸರು ತುಂಬಿದ್ದೇನೆ. ಕಾರಣದ ಚೌಕದಲ್ಲಿ ‘ಮರಣ’ಕ್ಕೆ ಗುರುತು ಹಾಕಿದ್ದೇನೆ. ನೀನು ಪೆನ್ಸಿಲಿನಿಂದ ಗೆರೆ ಹಾಕಿದ ಜಾಗ ಮಾತ್ರ ಖಾಲಿ ಇದೆ. ಅದನ್ನು ಬೊಮ್ಮಿಯ ಬುಟ್ಟಿಯಲ್ಲಿ ಕಳಿಸುವುದಿಲ್ಲ. ಮಂಗಳವಾರ, ನಿನ್ನ ಎದುರು, ನಾಗೇಶ ತನ್ನ ಹೇಳಿಕೆ ಬರೆಯುವ ಪೆನ್ನಿನಿಂದಲೇ ಸಹಿ ಮಾಡುತ್ತೇನೆ.

ಹೀರಾ